ಬೆಳೆಯುವ ಮೆದುಳು ಮತ್ತು ಒಂದು ಪುಟ್ಟ ಮಾತ್ರೆ



ಒಮ್ಮೆ ಒಂದು ಶಾಲೆಯಲ್ಲಿ ಮೆದುಳಿನ ಮಾದರಿ ತೋರಿಸಿ ಪಾಠ ಮಾಡಿದ್ದೆ. ಪಾಠ ಮುಗಿದು ಎಲ್ಲರೂ ಹೊರಗೆ ಹೋದರು. ಏಳನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ನಿಂತಿದ್ದಳು. "ಸರ್, ನನ್ನ ತಮ್ಮನಿಗೆ ಒಂದು ಕಡೆ ಕೂರೋಕೇ ಆಗಲ್ಲ. ಬರೆಯೋಕೆ ಕೂತರೆ ಎರಡು ಸಾಲಿಗೇ ಎದ್ದು ಓಡ್ತಾನೆ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ತಲೆಗೆ ಕೊಡೋ ಮಾತ್ರೆ ತಿಂದರೆ ಮೆದುಳು ಮಂದ ಆಗುತ್ತೆ, ನಿಲ್ಲಿಸಿಬಿಡಿ ಅಂತ ಅಜ್ಜಿ ಹೇಳ್ತಾರೆ. ಹೌದಾ ಸರ್?" ಎಂದು ಮೆಲ್ಲಗೆ ಕೇಳಿದಳು.

ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವಂಥ ಪ್ರಶ್ನೆ ಅದಲ್ಲ. ಅಂದು ಅವಳಿಗೆ ಹೇಳಿದ್ದನ್ನೂ, ಹೇಳಲು ಸಮಯ ಸಾಲದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮಕ್ಕಳ ಮೆದುಳು ಹೇಗೆ ಬೇರೆ?

ಹುಟ್ಟಿದ ಮಗುವಿನ ಮೆದುಳು ದೊಡ್ಡವರ ಮೆದುಳಿನ ಸುಮಾರು ಕಾಲುಭಾಗದಷ್ಟಿರುತ್ತದೆ. ನಿಮಗೆ ಆರು ವರ್ಷ ತುಂಬುವ ಹೊತ್ತಿಗೆ ಅದು ದೊಡ್ಡವರ ಮೆದುಳಿನ ಗಾತ್ರದ ಶೇಕಡಾ 90ರಷ್ಟು ಬೆಳೆದಿರುತ್ತದೆ. ಹಾಗಾದರೆ ಆರು ವರ್ಷಕ್ಕೇ ಬೆಳವಣಿಗೆ ಮುಗಿಯಿತೇ? ಇಲ್ಲ. ಗಾತ್ರ ಬಂದರೂ ಒಳಗಿನ ಕೆಲಸ ಸಾಗುತ್ತಲೇ ಇರುತ್ತದೆ.

ಮೆದುಳಿನಲ್ಲಿ ಕೋಟ್ಯಂತರ ನರಕೋಶಗಳಿವೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಜಾಗಕ್ಕೆ ಸಿನಾಪ್ಸ್ ಎಂದು ಹೆಸರು. 1979ರಲ್ಲಿ ಅಮೆರಿಕದ ವೈದ್ಯ ಪೀಟರ್ ಹಟನ್‌ಲಾಕರ್ ಮೆದುಳಿನ ಮುಂಭಾಗದಲ್ಲಿ ಇವು ಎಷ್ಟು ದಟ್ಟವಾಗಿವೆ ಎಂದು ಲೆಕ್ಕ ಹಾಕಿದರು. ಒಂದೆರಡು ವರ್ಷದ ಮಗುವಿನಲ್ಲಿ ಈ ದಟ್ಟಣೆ ದೊಡ್ಡವರಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು! ಅನಂತರ ಸುಮಾರು ಹದಿನಾರು ವರ್ಷದವರೆಗೆ ಅದು ಕಡಿಮೆಯಾಗುತ್ತಾ ಬಂತು.

ಇದನ್ನು ಹೊಲದ ಕಾಲುದಾರಿಗಳಿಗೆ ಹೋಲಿಸಬಹುದು. ಜನ ದಿನವೂ ನಡೆಯುವ ದಾರಿ ಗಟ್ಟಿಯಾಗುತ್ತದೆ. ಯಾರೂ ನಡೆಯದ ದಾರಿಯಲ್ಲಿ ಹುಲ್ಲು ಬೆಳೆದು ಅದು ಮುಚ್ಚಿಹೋಗುತ್ತದೆ. ನಿಮ್ಮ ಮೆದುಳಿನಲ್ಲಿ ಈಗ ದಾರಿಗಳು ಗಟ್ಟಿಯಾಗುವ, ಮುಚ್ಚಿಹೋಗುವ ಕಾಲ. ಯೋಚಿಸಿ ನಿರ್ಧರಿಸಲು ನೆರವಾಗುವ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ವರ್ಷ ದಾಟಬೇಕು.

ಮಾತ್ರೆ ಏನು ಮಾಡುತ್ತದೆ?

ಆ ಹುಡುಗಿಯ ತಮ್ಮನಿಗೆ ಇರುವುದು ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ. ಅದು ತುಂಟತನವೂ ಅಲ್ಲ, ತಂದೆತಾಯಿಯರ ತಪ್ಪೂ ಅಲ್ಲ. ಇದಕ್ಕೆ ಕೊಡುವ ಔಷಧಗಳಲ್ಲಿ ಮೀಥೈಲ್‌ಫೆನಿಡೇಟ್ ಒಂದು. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪನಿಜ್ಜೋನ್ ಇದನ್ನು ತಯಾರಿಸಿದರು. ಅವರ ಪತ್ನಿ ರೀಟಾ ಅವರ ಹೆಸರಿನಿಂದಲೇ ಇದಕ್ಕೆ 'ರಿಟಾಲಿನ್' ಎಂಬ ಹೆಸರು ಬಂತು.

ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕಗಳಲ್ಲಿ ಡೋಪಮೈನ್ ಒಂದು. ಕೆಲಸ ಮುಗಿದ ಮೇಲೆ ನರಕೋಶ ಅದನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಈ ಮಾತ್ರೆ ಆ ಎಳೆತವನ್ನು ತಡೆಯುತ್ತದೆ. ಡೋಪಮೈನ್ ಹೆಚ್ಚು ಹೊತ್ತು ಉಳಿಯುತ್ತದೆ, ಗಮನ ನಿಲ್ಲಲು ಸಹಾಯವಾಗುತ್ತದೆ. ಕೆಲವು ಗಂಟೆಗಳಲ್ಲಿ ಇದರ ಪ್ರಭಾವ ಇಳಿಯುತ್ತದೆ.

ಆದರೆ ದಾರಿಗಳು ಇನ್ನೂ ರೂಪುಗೊಳ್ಳುತ್ತಿರುವ ಮೆದುಳಿಗೆ ತಿಂಗಳುಗಟ್ಟಲೆ ಔಷಧ ಕೊಟ್ಟರೆ? ಅಜ್ಜಿಯ ಚಿಂತೆ ಇರುವುದು ಇಲ್ಲಿಯೇ.

ಹೋಲಿಸಿ ನೋಡಬೇಕು

ನಿಮ್ಮ ಶಾಲೆಯ ತೋಟದಲ್ಲಿ ಮೆಣಸಿನ ಗಿಡಗಳಿವೆ ಎನ್ನಿ. ಎಲ್ಲ ಗಿಡಕ್ಕೂ ಹೊಸ ಗೊಬ್ಬರ ಹಾಕಿದಿರಿ. ಗಿಡಗಳು ಚೆನ್ನಾಗಿ ಬೆಳೆದವು. ಅದು ಗೊಬ್ಬರದಿಂದಲೋ ಮಳೆಯಿಂದಲೋ ಹೇಗೆ ಹೇಳುವಿರಿ? ಅರ್ಧ ಗಿಡಗಳಿಗೆ ಗೊಬ್ಬರ ಹಾಕದೆ ಬಿಟ್ಟಿದ್ದರೆ ತಿಳಿಯುತ್ತಿತ್ತು, ಅಲ್ಲವೇ?

ಔಷಧದ ಪರೀಕ್ಷೆಯೂ ಹೀಗೆಯೇ. ಒಂದು ಗುಂಪಿಗೆ ನಿಜವಾದ ಔಷಧ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ, ಆದರೆ ಔಷಧವಿಲ್ಲದ ಹುಸಿಮದ್ದು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ.

ಇಂಥ ಪರೀಕ್ಷೆ ಎಷ್ಟು ಮುಖ್ಯ ಎಂಬುದನ್ನು ಫೀನೋಬಾರ್ಬಿಟಾಲ್ ಎಂಬ ಔಷಧದ ಕತೆ ಹೇಳುತ್ತದೆ. 1912ರಲ್ಲಿ ನಿದ್ರೆ ಬರಿಸಲು ಬಂದ ಔಷಧ ಇದು. ಬಹಳ ಬೇಗ ಫಿಟ್ಸ್ ತಡೆಯಲೂ ಬಳಕೆಗೆ ಬಂತು. ಕೆಲವು ಪುಟ್ಟ ಮಕ್ಕಳಿಗೆ ಜ್ವರ ಏರಿದಾಗ ಫಿಟ್ಸ್ ಬರುತ್ತದೆ. ಮತ್ತೆ ಬಾರದಿರಲಿ ಎಂದು ಅನೇಕ ವರ್ಷ ವೈದ್ಯರು ಅವರಿಗೆ ದಿನವೂ ಈ ಔಷಧ ಕೊಡುತ್ತಿದ್ದರು. ಉದ್ದೇಶ ಒಳ್ಳೆಯದೇ.

1990ರಲ್ಲಿ ಅಮೆರಿಕದ ಸಂಶೋಧಕರು 8 ತಿಂಗಳಿಂದ 3 ವರ್ಷದ 217 ಮಕ್ಕಳ ಮೇಲೆ ನಡೆಸಿದ ಹೋಲಿಕೆಯ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷದ ಬಳಿಕ, ಬುದ್ಧಿಶಕ್ತಿ ಅಳೆಯುವ ಐ.ಕ್ಯೂ. ಪರೀಕ್ಷೆಯಲ್ಲಿ ಔಷಧದ ಗುಂಪಿನ ಸರಾಸರಿ ಹುಸಿಮದ್ದಿನ ಗುಂಪಿಗಿಂತ ಸುಮಾರು 7 ಅಂಕ ಕಡಿಮೆ ಇತ್ತು. ಔಷಧವನ್ನು ಮೆಲ್ಲಮೆಲ್ಲನೆ ಇಳಿಸಿ ನಿಲ್ಲಿಸಿ, ಆರು ತಿಂಗಳ ನಂತರ ಅಳೆದಾಗಲೂ ಸುಮಾರು 5 ಅಂಕದ ವ್ಯತ್ಯಾಸ ಕಂಡಿತು. ಫಿಟ್ಸ್ ಮರುಕಳಿಸುವುದರಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ!

ಇಂದು ಜ್ವರದ ಸಾಧಾರಣ ಫಿಟ್ಸ್‌ಗೆ ದಿನವೂ ಈ ಔಷಧ ಕೊಡಬೇಕೆಂದು ಹೇಳುವುದಿಲ್ಲ. ಆದರೆ ಮೂರ್ಛೆರೋಗದ ಬೇರೆ ಬಗೆಗಳಲ್ಲಿ ಇದೇ ಔಷಧ ಜೀವ ಉಳಿಸುತ್ತದೆ. ಔಷಧ ಅದೇ. ಯಾರಿಗೆ, ಏಕೆ, ಎಷ್ಟು ದಿನ ಎಂಬುದರ ಮೇಲೆ ಒಳಿತು ಕೆಡಕು ನಿಂತಿದೆ.

ತಮ್ಮನ ಮಾತ್ರೆಯ ವಿಷಯ

ಮೀಥೈಲ್‌ಫೆನಿಡೇಟ್ ಬಗ್ಗೆಯೂ ಇಂಥ ಹೋಲಿಕೆ ನಡೆದಿದೆ. ನೆದರ್ಲೆಂಡ್ಸ್‌ನ ಸಂಶೋಧಕರು 10ರಿಂದ 12 ವರ್ಷದ 50 ಹುಡುಗರನ್ನೂ 23ರಿಂದ 40 ವರ್ಷದ 49 ಗಂಡಸರನ್ನೂ ಆರಿಸಿಕೊಂಡರು. ಎಲ್ಲರಿಗೂ ಇದೇ ತೊಂದರೆಯಿತ್ತು. 16 ವಾರ ಕೆಲವರಿಗೆ ಔಷಧ, ಕೆಲವರಿಗೆ ಹುಸಿಮದ್ದು. ಬಳಿಕ ಒಂದು ವಾರ ನಿಲ್ಲಿಸಿ, ಎಂ.ಆರ್.ಐ. ಯಂತ್ರದಲ್ಲಿ ಮೆದುಳಿನ ರಕ್ತದ ಹರಿವನ್ನು ಅಳೆದರು. 2016ರಲ್ಲಿ ಫಲಿತಾಂಶ ಬಂತು. ಔಷಧ ಪಡೆದ ಹುಡುಗರ ಮೆದುಳಿನ ಥಾಲಮಸ್ ಎಂಬ ಭಾಗ ಔಷಧಕ್ಕೆ ಸ್ಪಂದಿಸುವ ರೀತಿ ಬದಲಾಗಿತ್ತು. ದೊಡ್ಡವರಲ್ಲಿ ಬದಲಾಗಿರಲಿಲ್ಲ.

ಬದಲಾವಣೆ ಎಂದ ಕೂಡಲೇ ಹಾನಿ ಎಂದು ತಿಳಿಯಬೇಡಿ. ನೀವು ಸೈಕಲ್ ಕಲಿತಾಗಲೂ ಮೆದುಳು ಬದಲಾಗುತ್ತದೆ. ದೊಡ್ಡವರ ಮೇಲಿನ ಪರೀಕ್ಷೆ ನೋಡಿ ಮಕ್ಕಳ ಬಗ್ಗೆ ತೀರ್ಮಾನಿಸಲಾಗದು ಎಂಬುದೇ ಇಲ್ಲಿನ ಪಾಠ.

ಇನ್ನೊಂದು ಪಕ್ಕವನ್ನೂ ನೋಡಿ. 1999ರಲ್ಲಿ ಉತ್ತರ ಅಮೆರಿಕದಲ್ಲಿ 579 ಮಕ್ಕಳ ಮೇಲಿನ 14 ತಿಂಗಳ ಅಧ್ಯಯನ ಪ್ರಕಟವಾಯಿತು. ಎಚ್ಚರಿಕೆಯಿಂದ ಅಳತೆ ನೋಡಿ ಔಷಧ ಕೊಟ್ಟ ಮಕ್ಕಳಲ್ಲಿ ಗಮನ ಚೆನ್ನಾಗಿ ಸುಧಾರಿಸಿತ್ತು. ಅದೇ ಮಕ್ಕಳನ್ನು ದೊಡ್ಡವರಾಗುವವರೆಗೆ ಗಮನಿಸಿದಾಗ, ಬಹುಕಾಲ ಮಾತ್ರೆ ತೆಗೆದುಕೊಂಡವರ ಎತ್ತರ, ತೆಗೆದುಕೊಳ್ಳದವರಿಗಿಂತ ಸರಾಸರಿ ಸುಮಾರು 2.5 ಸೆಂ.ಮೀ. ಕಡಿಮೆ ಇತ್ತು. ಆದ್ದರಿಂದಲೇ ವೈದ್ಯರು ಇಂಥ ಮಕ್ಕಳ ಎತ್ತರ, ತೂಕ ಆಗಾಗ ಅಳೆಯುತ್ತಾರೆ.

ಹಾಗಾದರೆ ಏನು ಮಾಡಬೇಕು?

ಅಜ್ಜಿಯ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅದನ್ನು ಡಾಕ್ಟರ ಮುಂದೆಯೇ ಕೇಳಬೇಕು. ಈ ಮಾತ್ರೆ ಏಕೆ? ಎಷ್ಟು ಕಾಲ? ಏನನ್ನು ಗಮನಿಸಬೇಕು? ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಪಡುವುದಿಲ್ಲ. ಆದರೆ ಮನೆಯಲ್ಲೇ ತೀರ್ಮಾನಿಸಿ ಮಾತ್ರೆ ನಿಲ್ಲಿಸಬಾರದು. ಅದರಲ್ಲೂ ಫಿಟ್ಸ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಾಪಾಯವೇ ಆಗಬಹುದು. ಒಬ್ಬರಿಗೆ ಕೊಟ್ಟ ಮಾತ್ರೆಯನ್ನು ಇನ್ನೊಬ್ಬರು ನುಂಗಲೂಬಾರದು.

ಮನಸ್ಸಿನ ಆರೋಗ್ಯದ ಸಲಹೆಗೆ ಮನೆಯವರು ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ನಿಮ್ಮ ತರಗತಿಯಲ್ಲಿ ಯಾರಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವರನ್ನು ಆಡಿಕೊಳ್ಳಬೇಡಿ. ಕನ್ನಡಕ ಹಾಕಿದವರನ್ನು ಹೇಗೆ ನೋಡುತ್ತೀರೋ ಹಾಗೆಯೇ ಅವರನ್ನೂ ನೋಡಿ.

ಆ ಹುಡುಗಿಗೆ ಒಂದು ಕೆಲಸ ಹೇಳಿ ಬಂದಿದ್ದೆ. ತಮ್ಮನ ಊಟ, ನಿದ್ದೆ, ಓದು ಹೇಗಿದೆ ಎಂದು ವಾರಕ್ಕೊಮ್ಮೆ ಒಂದು ಪುಸ್ತಕದಲ್ಲಿ ಬರೆಯುವುದು, ತಿಂಗಳಿಗೊಮ್ಮೆ ಬಾಗಿಲ ಪಕ್ಕದ ಗೋಡೆಯ ಮೇಲೆ ಅವನ ಎತ್ತರ ಗುರುತು ಮಾಡುವುದು. ಮುಂದಿನ ಸಲ ಆ ಶಾಲೆಗೆ ಹೋದಾಗ ಅವಳೇ ಓಡಿಬಂದಳು. "ಸರ್, ಪುಸ್ತಕ ನೋಡಿ ಡಾಕ್ಟರು ಊಟ ಆದ ಮೇಲೆ ಮಾತ್ರೆ ಕೊಡಿ ಅಂದರು. ಅಜ್ಜಿನೂ ಜೊತೆಗೆ ಬಂದಿದ್ದರು. ಅವರೇ ಎಲ್ಲಾ ಕೇಳಿದರು!" ಎಂದಳು.

ಯೋಚಿಸಿ ಉತ್ತರಿಸಿ
1. ಹುಸಿಮದ್ದಿನ ಗುಂಪು ಇಲ್ಲದಿದ್ದರೆ 1990ರ ಅಧ್ಯಯನದಲ್ಲಿ ಏನು ತಿಳಿಯುತ್ತಿರಲಿಲ್ಲ?
2. ದೊಡ್ಡವರಿಗೆ ಸುರಕ್ಷಿತವಾದ ಔಷಧವನ್ನು ಮಕ್ಕಳಿಗಾಗಿ ಮತ್ತೆ ಪರೀಕ್ಷಿಸಬೇಕು. ಏಕೆ?