ಸೂಜಿ ಹಿಡಿಯುವ ಮೊದಲು ತಟ್ಟೆ ನೋಡಿ

ನಮ್ಮ ವಾರ್ಡಿನಿಂದ ಮನೆಗೆ ಹೋಗುವ ಸಕ್ಕರೆ ಕಾಯಿಲೆಯವರಲ್ಲಿ ಅನೇಕರು ತಾವೇ ಇನ್ಸುಲಿನ್ ಚುಚ್ಚಿಕೊಳ್ಳುವುದಿಲ್ಲ. ಕಣ್ಣು ಕಾಣುವುದಿಲ್ಲ, ಕೈ ನಡುಗುತ್ತದೆ, ಇಲ್ಲವೆ ಲಕ್ವಾ ಹೊಡೆದು ಒಂದು ಕೈ ಬಿದ್ದುಹೋಗಿದೆ. ಆ ಕೆಲಸ ಸೊಸೆಯದೋ ಮಗಳದೋ ಹೈಸ್ಕೂಲು ಓದುವ ಮೊಮ್ಮಗನದೋ ಆಗಿರುತ್ತದೆ. ಸೂಜಿ ಚುಚ್ಚುವುದನ್ನು ಎಲ್ಲರೂ ಎರಡು ದಿನದಲ್ಲಿ ಕಲಿಯುತ್ತಾರೆ. ಕಷ್ಟ ಬರುವುದು ಮನೆಗೆ ಹೋದ ಮೇಲೆ. "ಸಿಸ್ಟರ್, ಇವತ್ತು ಮಾವ ಅರ್ಧ ರೊಟ್ಟಿನೂ ತಿಂದಿಲ್ಲ, ಇನ್ಸುಲಿನ್ ಕೊಡಬೇಕೋ ಬಿಡಬೇಕೋ?" ಎಂದು ಫೋನ್ ಬರುತ್ತದೆ. ಈ ಬರಹ ಆ ಪ್ರಶ್ನೆಗಾಗಿ.

ಒಂದು ಬೆಳಿಗ್ಗೆ ನಡೆದದ್ದನ್ನು ಹೇಳುತ್ತೇನೆ. ಎಪ್ಪತ್ತು ದಾಟಿದ ಅಜ್ಜ ಒಬ್ಬರನ್ನು ಮನೆಯವರು ಎತ್ತಿಕೊಂಡು ಬಂದರು. ಮೈಯೆಲ್ಲ ಬೆವರು, ಮಾತು ತೊದಲು, ಕರೆದರೆ ಉತ್ತರವಿಲ್ಲ. ಲಕ್ವಾ ಹೊಡೆಯಿತೆಂದೇ ಎಲ್ಲರ ಭಯ. ಬೆರಳಿನ ರಕ್ತ ನೋಡಿದರೆ ಸಕ್ಕರೆ 38. ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದಂತೆ ಸೊಸೆ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಇನ್ಸುಲಿನ್ ಕೊಟ್ಟಿದ್ದಳು. ಅಜ್ಜ ಆಮೇಲೆ ಬಿಸಿನೀರಿನ ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತಿದ್ದರು. ಪೂಜೆ ಆಗುವವರೆಗೆ ಅವರು ಏನನ್ನೂ ಬಾಯಿಗೆ ಹಾಕುವುದಿಲ್ಲ. ಅಂದು ಶ್ರಾವಣ ಸೋಮವಾರ, ಪೂಜೆ ಮುಗಿಯುವಾಗ ಎಂಟೂವರೆ ದಾಟಿತ್ತು. "ಊಟಕ್ಕೆ ಅರ್ಧ ಗಂಟೆ ಮೊದಲು" ಎಂದದ್ದು ಎರಡು ಗಂಟೆ ಮೊದಲು ಆಗಿಹೋಯಿತು. ಸಾಲದ್ದಕ್ಕೆ ಬಿಸಿನೀರಿನ ಸ್ನಾನ. ಚುಚ್ಚಿದ ಜಾಗ ಬಿಸಿಯಾದರೆ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ. ನರಕ್ಕೆ ಗ್ಲೂಕೋಸ್ ಕೊಟ್ಟ ಸ್ವಲ್ಪ ಹೊತ್ತಿಗೆ ಅಜ್ಜ ಎದ್ದು ಕುಳಿತರು.

ಆ ಸೊಸೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ತಪ್ಪು ಅವಳದಲ್ಲ. ಬಿಡುಗಡೆಯ ದಿನ ಅವಳಿಗೆ ಗಡಿಯಾರದ ಸಮಯ ಹೇಳಿಕೊಟ್ಟವಳು ನಾನು. "ಮನೆಯಲ್ಲಿ ಬೆಳಗಿನ ನಾಷ್ಟಾ ಎಷ್ಟು ಗಂಟೆಗೆ? ಅದಕ್ಕೆ ಮೊದಲು ಪೂಜೆ ಇದೆಯೇ?" ಎಂದು ನಾನು ಕೇಳಿರಲಿಲ್ಲ. ಈಗ ಮೊದಲು ಅದನ್ನೇ ಕೇಳುತ್ತೇನೆ. ಸ್ನಾನ ಪೂಜೆ ಮುಗಿಯಲಿ, ಒಲೆಯ ಮೇಲೆ ಉಪ್ಪಿಟ್ಟು ತಯಾರಾಗಲಿ, ಆಮೇಲೆ ಸೂಜಿ. ಪೂಜೆಯನ್ನು ಬಿಡಬೇಕಿಲ್ಲ, ಇನ್ಸುಲಿನ್ನನ್ನೂ ಬಿಡಬೇಕಿಲ್ಲ. ಹಿಂದು ಮುಂದು ಮಾಡಿದರೆ ಸಾಕು.

ಸಕ್ಕರೆ ಇಳಿದಾಗ ಏನಾಗುತ್ತದೆ?

ನಮ್ಮ ಮಿದುಳು ಮುಖ್ಯವಾಗಿ ರಕ್ತದ ಗ್ಲೂಕೋಸಿನಿಂದಲೇ ನಡೆಯುತ್ತದೆ. ಅದನ್ನು ಕೂಡಿಟ್ಟುಕೊಳ್ಳುವ ಜಾಗ ಮಿದುಳಿಗೆ ಇಲ್ಲವೆಂದೇ ಹೇಳಬಹುದು. ಸಕ್ಕರೆ ಏರಿದರೆ ಕಣ್ಣು, ಮೂತ್ರಪಿಂಡ, ಕಾಲು ಕೆಡಲು ವರ್ಷಗಳು ಬೇಕು. ಬಹಳ ಇಳಿದರೆ ಕೆಲವು ನಿಮಿಷಗಳಲ್ಲೇ ಎಚ್ಚರ ತಪ್ಪಬಹುದು, ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಆದ್ದರಿಂದ 250 ಕಂಡರೆ ಗಾಬರಿ, 60 ಕಂಡರೆ ಸಂತೋಷ ಎಂಬ ಅಭ್ಯಾಸ ಬಿಡಿ. 70ಕ್ಕಿಂತ ಕೆಳಗೆ ಬಂದರೆ ಅದು "ಲೋ ಶುಗರ್". 54ಕ್ಕಿಂತ ಕೆಳಗೆ ಬಂದರೆ ಗಂಭೀರ.

ಮೊದಲು ಕೈ ನಡುಕ, ಬೆವರು, ಎದೆ ಡವಡವ, ಹಸಿವು, ತುಟಿಯ ಸುತ್ತ ಜುಮ್ಮೆನ್ನುವುದು ಬರುತ್ತವೆ. ಇವು ಎಚ್ಚರಿಕೆಯ ಗಂಟೆ. ಆದರೆ ಬಹಳ ವರ್ಷದಿಂದ ಕಾಯಿಲೆ ಇದ್ದವರಲ್ಲಿ, ಪದೇ ಪದೇ ಲೋ ಆದವರಲ್ಲಿ ಈ ಗಂಟೆ ಬಾರಿಸುವುದೇ ಇಲ್ಲ. ಬಿ.ಪಿ. ಮತ್ತು ಹೃದಯಕ್ಕೆಂದು ಕೊಡುವ ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್‌ನಂಥ ಮಾತ್ರೆಗಳು ನಡುಕವನ್ನೂ ಎದೆಬಡಿತವನ್ನೂ ಮುಚ್ಚಿಡುತ್ತವೆ. ಬೆವರು ಮಾತ್ರ ಉಳಿಯುತ್ತದೆ. ವಯಸ್ಸಾದವರಲ್ಲಿ ಸುಮ್ಮನೆ ಸಿಟ್ಟು, ಅಸಂಬದ್ಧ ಮಾತು, ಒಂದೇ ಕಡೆ ದಿಟ್ಟಿಸುವುದು, ಚಪ್ಪಲಿ ಹಾಕಿಕೊಳ್ಳಲು ಬಾರದಿರುವುದು ಇಷ್ಟೇ ಕಾಣಬಹುದು. "ಅಜ್ಜಿಗೆ ಅರಳು ಮರಳು" ಎಂದು ಮನೆಯವರು ಸುಮ್ಮನಾಗುತ್ತಾರೆ, ಕೆಲವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಬೆಳಿಗ್ಗೆ ಎದ್ದಾಗ ದಿಂಬು ಬೆವರಿನಿಂದ ಒದ್ದೆ, ತಲೆನೋವು, ರಾತ್ರಿಯೆಲ್ಲ ಕೆಟ್ಟ ಕನಸು ಎಂದರೆ ನಿದ್ದೆಯಲ್ಲೇ ಸಕ್ಕರೆ ಇಳಿದಿರಬಹುದು. ಅಂಥ ಮನೆಯವರು ಒಂದೆರಡು ದಿನ ರಾತ್ರಿ ಎರಡು ಮೂರು ಗಂಟೆಯ ಹೊತ್ತಿಗೆ ಎದ್ದು ಪರೀಕ್ಷೆ ಮಾಡಿ ಬರೆದಿಟ್ಟು ನಮಗೆ ತೋರಿಸಿ.

ಮೊದಲು ಸಕ್ಕರೆ, ಆಮೇಲೆ ಉಳಿದದ್ದು

ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಈ ಲಕ್ಷಣ ಕಂಡರೆ, ಗ್ಲುಕೋಮೀಟರ್ ಇದ್ದರೆ ನೋಡಿ. ಇಲ್ಲದಿದ್ದರೆ ಅದನ್ನು ಹುಡುಕುತ್ತ, ಪಕ್ಕದ ಮನೆಗೆ ಓಡುತ್ತ ಸಮಯ ಕಳೆಯಬೇಡಿ. ಲೋ ಎಂದೇ ತಿಳಿದು ಸಿಹಿ ಕೊಡಿ. ಲೋ ಅಲ್ಲದಿದ್ದರೂ ಮೂರು ಚಮಚ ಸಕ್ಕರೆಯಿಂದ ಅಂಥ ಹಾನಿಯಿಲ್ಲ.

ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ ಕುಡಿಸಿ. ಇದು ಸುಮಾರು 15 ಗ್ರಾಂ ಆಗುತ್ತದೆ. ಒಂದು ದೊಡ್ಡ ಚಮಚ ಜೇನುತುಪ್ಪ, ಅರ್ಧ ಲೋಟ ಹಣ್ಣಿನ ರಸವೂ ನಡೆಯುತ್ತದೆ. 15 ನಿಮಿಷ ಕಾಯಿರಿ. ಮತ್ತೆ ನೋಡಿ. 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ದಾಟಿದ ಮೇಲೆ ರೊಟ್ಟಿಯೋ ಅನ್ನವೋ ಎರಡು ಇಡ್ಲಿಯೋ ಹೊಟ್ಟೆಗೆ ಬೀಳಬೇಕು; ಕುಡಿದ ಸಕ್ಕರೆ ಬೇಗ ಕರಗಿಹೋಗುತ್ತದೆ, ಇನ್ಸುಲಿನ್ ಮೈಯಲ್ಲಿ ಇನ್ನೂ ಕೆಲಸ ಮಾಡುತ್ತಿರುತ್ತದೆ. ಮೈಸೂರುಪಾಕು, ಪೇಢೆ, ಚಾಕಲೇಟು ಬೇಡ. ಅವುಗಳ ತುಪ್ಪ, ಕೊಬ್ಬು ಸಕ್ಕರೆಯನ್ನು ರಕ್ತಕ್ಕೆ ಸೇರಲು ತಡಮಾಡುತ್ತವೆ.

ಒಂದು ಮಾತು ನೆನಪಿಡಿ. ನಿಮ್ಮ ಮಾತ್ರೆಗಳಲ್ಲಿ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಇದೆಯೇ ಎಂದು ಚೀಟಿ ನೋಡಿಕೊಳ್ಳಿ. ಇದ್ದರೆ ನಮ್ಮ ಅಡುಗೆಮನೆಯ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಅವನ್ನು ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತದೆ. ಅಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿಯ ಡಬ್ಬಿ ಇರಲೇಬೇಕು.

ಎಚ್ಚರ ತಪ್ಪಿದ್ದರೆ, ನುಂಗಲು ಆಗದಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ. ಸಕ್ಕರೆ ನೀರು ಶ್ವಾಸಕೋಶಕ್ಕೆ ಹೋಗಿ ಇನ್ನೊಂದು ಅಪಾಯವಾಗುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ, ಇಲ್ಲವೆ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ತನ್ನಿ. "ಸಕ್ಕರೆ ಕಾಯಿಲೆ ಇದೆ, ಇಷ್ಟು ಗಂಟೆಗೆ ಇನ್ಸುಲಿನ್ ಕೊಟ್ಟಿದ್ದೇವೆ" ಎಂಬುದನ್ನು ಬಾಗಿಲಲ್ಲೇ ಹೇಳಿ. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಮಾತ್ರೆಯಿಂದ ಗಂಭೀರವಾಗಿ ಲೋ ಆದವರು ಗ್ಲೂಕೋಸ್ ಏರಿಸಿದ ಮೇಲೆ ಆರಾಮ ಕಂಡರೂ ಆಸ್ಪತ್ರೆಯಲ್ಲಿ ಉಳಿಯಬೇಕು. ಆ ಮಾತ್ರೆಗಳ ಪ್ರಭಾವ ಒಂದು ದಿನದವರೆಗೂ ಇದ್ದು, ಮತ್ತೆ ಸಕ್ಕರೆ ಇಳಿಸಬಲ್ಲದು.

ಕೊಡಬೇಕೋ ಬಿಡಬೇಕೋ

1921ರಲ್ಲಿ ಕೆನಡಾ ದೇಶದ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದ ನಂತರ, ಅದರ ಬಲ ಅಳೆಯಲು ಹಸಿದ ಮೊಲಗಳಿಗೆ ಚುಚ್ಚಿ ಸಕ್ಕರೆ ಎಷ್ಟು ಇಳಿಯಿತೆಂದು ನೋಡುತ್ತಿದ್ದರು. ನಾವು ಇಂದು ಹೇಳುವ "ಯೂನಿಟ್" ಹುಟ್ಟಿದ್ದು ಹಾಗೆ. ಖಾಲಿ ಹೊಟ್ಟೆಯಲ್ಲಿ ಇದು ಎಂಥ ಔಷಧವೆಂದು ಅವರಿಗೆ ಮೊದಲೇ ಗೊತ್ತಿತ್ತು.

ಹಾಗೆಂದು ಎಲ್ಲ ಇನ್ಸುಲಿನ್ ಒಂದೇ ಅಲ್ಲ. ನಮ್ಮಲ್ಲಿ ಹೆಚ್ಚು ಜನ ತೆಗೆದುಕೊಳ್ಳುವ 30/70, ನೋಡಲು ಹಾಲಿನಂತೆ ಮಸುಕಾಗಿರುವುದು, ಊಟಕ್ಕೆ ಕಟ್ಟಿದ ಇನ್ಸುಲಿನ್. ನೀರಿನಂತೆ ತಿಳಿಯಾದ ರೆಗ್ಯುಲರ್ ಇನ್ಸುಲಿನ್ ಕೂಡ ಹಾಗೆಯೇ. ಊಟವಿಲ್ಲದೆ ಇವುಗಳ ಪೂರ್ತಿ ಡೋಸ್ ಕೊಡಬಾರದು. ದಿನಕ್ಕೊಮ್ಮೆ ಕೊಡುವ ಗ್ಲಾರ್ಜಿನ್ ಊಟಕ್ಕೆ ಕಟ್ಟಿದ್ದಲ್ಲ. ಒಂದು ಹೊತ್ತು ಊಟ ಬಿಟ್ಟರೆಂದು ಅದನ್ನು ನೀವಾಗಿ ನಿಲ್ಲಿಸಬೇಡಿ, ಡೋಸ್ ಕಡಿಮೆ ಮಾಡಬೇಕೇ ಎಂದು ಕೇಳಿ. ಗ್ಲಾರ್ಜಿನ್ ಕೂಡ ತಿಳಿಯಾಗಿಯೇ ಇರುತ್ತದೆ. ಎರಡೂ ಇರುವ ಮನೆಯಲ್ಲಿ ಒಂದಕ್ಕೆ ಬಣ್ಣದ ದಾರ ಕಟ್ಟಿಡಿ.

ಊಟಕ್ಕೆ ಮೊದಲು ನೋಡಿದಾಗ 70ಕ್ಕಿಂತ ಕಡಿಮೆ ಇದ್ದರೆ ಸೂಜಿ ಕೆಳಗಿಡಿ. ಮೇಲೆ ಹೇಳಿದಂತೆ ಸಕ್ಕರೆ ಕೊಡಿ, ಏರಿದ ಮೇಲೆ ಊಟ ಮಾಡಿಸಿ, ಡೋಸ್ ಎಷ್ಟೆಂದು ಫೋನ್ ಮಾಡಿ ಕೇಳಿ. ಲೋ ಆದದ್ದನ್ನು ಸರಿಪಡಿಸಿದ ಸ್ವಲ್ಪ ಹೊತ್ತಿಗೆ ಮೀಟರ್ 220, 250 ತೋರಿಸಬಹುದು. ಅದು ನೀವು ಕೊಟ್ಟ ಸಿಹಿ ಮತ್ತು ದೇಹ ತಾನೇ ಹೊರಬಿಟ್ಟ ಗ್ಲೂಕೋಸ್. ಅದಕ್ಕೆಂದು ಹೆಚ್ಚುವರಿ ಇನ್ಸುಲಿನ್ ಚುಚ್ಚಿದರೆ ಮಧ್ಯಾಹ್ನ ಮತ್ತೆ ಲೋ ಆಗುತ್ತದೆ.

ಕೊಟ್ಟೆನೋ ಇಲ್ಲವೋ ಎಂದು ಸಂಶಯ ಬಂದರೆ? ಅತ್ತೆ ಕೊಟ್ಟರೋ ಮಗ ಕೊಟ್ಟನೋ ಗೊತ್ತಿಲ್ಲದಿದ್ದರೆ? ಎರಡನೆಯ ಸಲ ಕೊಡಬೇಡಿ. ಸಕ್ಕರೆ ಆಗಾಗ ನೋಡುತ್ತಾ ನಮ್ಮನ್ನು ಕೇಳಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೊಟ್ಟ ಕೂಡಲೇ ಗೀಟು ಎಳೆಯುವ ಅಭ್ಯಾಸವಿದ್ದರೆ ಈ ಸಂಶಯವೇ ಬರುವುದಿಲ್ಲ.

ಜ್ವರ, ವಾಂತಿ ಇದ್ದಾಗ ವಿಷಯ ಬೇರೆ. ಊಟ ಮಾಡದಿದ್ದರೂ ಸಕ್ಕರೆ ಏರಬಹುದು. ಚಿಕ್ಕಂದಿನಿಂದ ಇನ್ಸುಲಿನ್ ಮೇಲೆಯೇ ಇರುವ ಟೈಪ್ 1 ಮಕ್ಕಳಿಗೆ, ಯುವಕರಿಗೆ "ಊಟ ಇಲ್ಲ, ಇನ್ಸುಲಿನ್ ಬೇಡ" ಎಂದು ಪೂರ್ತಿ ನಿಲ್ಲಿಸಿದರೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೆ ಅಪಾಯ. ವಾಂತಿ ನಿಲ್ಲದಿದ್ದರೆ, ಉಸಿರು ಜೋರಾದರೆ ಅದೇ ಕ್ಷಣ ಕರೆತನ್ನಿ.

ಸಿರಿಂಜಿನ ಬಣ್ಣ

ಈ ಗೊಂದಲ ನಮ್ಮ ಹೊರರೋಗಿ ವಿಭಾಗದಲ್ಲಿ ಇಂದಿಗೂ ಕಾಣುತ್ತದೆ. ನಮ್ಮ ದೇಶದಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಹೆಚ್ಚಿನವು ಒಂದು ಮಿ.ಲೀ.ಗೆ 40 ಯೂನಿಟ್ ಇರುವಂಥವು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿಗೆ ಹಾಕುವ ಕಾರ್ಟ್ರಿಜ್ ಮತ್ತು ಕೆಲವು ಬಾಟಲಿಗಳಲ್ಲಿ 100 ಯೂನಿಟ್ ಇರುತ್ತದೆ. ಆ ಬಾಟಲಿಗೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜ್. ಪೆನ್ ಕೆಟ್ಟಿತೆಂದು ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೀಟಿನವರೆಗೆ ಎಳೆದರೆ ಅದು 20 ಯೂನಿಟ್ ಅಲ್ಲ, 50 ಯೂನಿಟ್. ಕಾರ್ಟ್ರಿಜ್‌ನಿಂದ ಯಾವ ಸಿರಿಂಜಿಗೂ ಎಳೆಯಬೇಡಿ. ಔಷಧಿ ಅಂಗಡಿಯವರು "ಅದು ಇಲ್ಲ, ಇದು ಒಯ್ಯಿರಿ" ಎಂದರೆ ಹಳೆಯ ಬಾಟಲಿಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು 40 ಇದೆಯೋ 100 ಇದೆಯೋ ಓದಿ. ಓದು ಬಾರದವರು ಯಾರಿಂದಲಾದರೂ ಓದಿಸಿ.

ಯಾವಾಗಲೂ ಒಂದೇ ಜಾಗಕ್ಕೆ ಚುಚ್ಚಿ ಗಂಟು ಕಟ್ಟಿದ್ದರೆ ಅಲ್ಲಿ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ. ಹೊಸ ಜಾಗಕ್ಕೆ ಬದಲಿಸಿದ ದಿನ ಅದೇ ಡೋಸಿಗೆ ಲೋ ಆಗಬಹುದು. ಬದಲಿಸಬೇಕು, ಆದರೆ ನಮಗೆ ತಿಳಿಸಿ ಬದಲಿಸಿ. ಹೊಲದ ಕೆಲಸ ಹೆಚ್ಚಿರುವ ಸುಗ್ಗಿಯ ದಿನಗಳಲ್ಲೂ ಅದೇ ಡೋಸ್ ಜಾಸ್ತಿಯಾಗುತ್ತದೆ.

ಇನ್ನೊಂದು ಸಂಗತಿ ಹೇಳಲು ನನಗೆ ಸಂಕಟವಾಗುತ್ತದೆ, ಆದರೂ ಹೇಳಬೇಕು. "ಈಗೀಗ ಅಪ್ಪನಿಗೆ ಇನ್ಸುಲಿನ್ ಕಡಿಮೆಯೇ ಸಾಕಾಗುತ್ತಿದೆ, ಕಾಯಿಲೆ ವಾಸಿಯಾಗುತ್ತಿದೆ" ಎಂದು ಖುಷಿಯಿಂದ ಬರುವವರಿದ್ದಾರೆ. ಹಳೆಯ ರೋಗಿಗಳಲ್ಲಿ ಪದೇ ಪದೇ ಲೋ ಆಗತೊಡಗಿದರೆ ಮೂತ್ರಪಿಂಡ ಸೋತಿರಬಹುದು. ಇನ್ಸುಲಿನ್ನನ್ನು ದೇಹದಿಂದ ಕಳೆಯುವ ಕೆಲಸದಲ್ಲಿ ಅದಕ್ಕೂ ಪಾಲಿದೆ. ಅಂಥವರು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಿ.

ಬಿಡುಗಡೆಯ ದಿನ ಕಾರ್ಡು ಕೈಗೆ ಬಂದ ಕೂಡಲೇ ಎದ್ದು ಹೋಗಬೇಡಿ. ಮೂರು ಸಾಲು ಬರೆಸಿಕೊಳ್ಳಿ: ಊಟಕ್ಕೆ ಮೊದಲು ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಎಷ್ಟು ಯೂನಿಟ್, ಅರ್ಧ ಊಟವಾದರೆ ಎಷ್ಟು, ಊಟವೇ ಇಲ್ಲದಿದ್ದರೆ ಏನು ಮಾಡಬೇಕು. ಡಾಕ್ಟರು ಅವಸರದಲ್ಲಿದ್ದರೂ ಕೇಳಿ. ಶಿವರಾತ್ರಿಯ ಉಪವಾಸ ಮಾಡುವವರಿದ್ದರೆ ಹಿಂದಿನ ವಾರವೇ ಬಂದು ಕೇಳಿ, ಮರುದಿನ ಅಲ್ಲ. ಮುಂದಿನ ಸಲ ಬರುವಾಗ ಬಾಟಲಿ, ಸಿರಿಂಜ್, ಮೀಟರ್, ಗೀಟು ಎಳೆದ ಆ ಕ್ಯಾಲೆಂಡರ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ; ದಿನವೂ ಇನ್ಸುಲಿನ್ ಚುಚ್ಚುವವರನ್ನೂ ಕರೆದುಕೊಂಡು ಬನ್ನಿ.