ಜೀವಕೋಶದ ಅಗ್ನಿ

ಉಂಡ ಅನ್ನವು ಜೀರ್ಣವಾಗಿ, ಗ್ಲೂಕೋಸೆಂಬ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರಿದ ಮಾತ್ರಕ್ಕೆ ದೇಹಕ್ಕೆ ಬಲ ಬಂದಿತೆಂದು ತಿಳಿಯಲಾಗದು. ಆ ಸಕ್ಕರೆಯಲ್ಲಿ ಅಡಗಿರುವ ಶಕ್ತಿಯನ್ನು ಒಂದೊಂದು ಜೀವಕೋಶವೂ ತನ್ನೊಳಗೆ ತಾನೇ ಬಿಡಿಸಿಕೊಂಡು, ಎಟಿಪಿ ಎಂಬ ಅಣುವಿನಲ್ಲಿ ತುಂಬಿಟ್ಟುಕೊಂಡಾಗಲೇ ಹೃದಯದ ಬಡಿತ ಮೊದಲ್ಗೊಂಡು ಮಿದುಳಿನ ಚಿಂತನೆಯವರೆಗಿನ ಸಕಲ ವ್ಯಾಪಾರಗಳೂ ಸಾಗುತ್ತವೆ. ಈ ಅಣುವನ್ನು 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಕಂಡುಹಿಡಿದರು. ಅದೇ ವರ್ಷ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆಯವರೊಡನೆ ದುಡಿಯುತ್ತಿದ್ದ ನಮ್ಮ ಭೀಮವರಂನ ಯಲ್ಲಾಪ್ರಗಡ ಸುಬ್ಬರಾವ್ ಅವರೂ ಸ್ವತಂತ್ರವಾಗಿ ಕಂಡರು. ಈ ಮಹನೀಯರ ಹೆಸರು ನಮ್ಮ ಮಕ್ಕಳ ನಾಲಗೆಯ ಮೇಲೆ ಇನ್ನೂ ಹೆಚ್ಚಾಗಿ ನಲಿಯಬೇಕಿತ್ತು.

ಶಕ್ತಿಯನ್ನು ಬಿಡಿಸುವ ಮೊದಲ ಘಟ್ಟಕ್ಕೆ ಆಮ್ಲಜನಕ ಬೇಕೇ ಇಲ್ಲ. ಕೋಶರಸದಲ್ಲಿ ಹತ್ತು ಮೆಟ್ಟಿಲುಗಳಲ್ಲಿ, ಮೆಟ್ಟಿಲಿಗೊಂದು ಕಿಣ್ವದ ನೆರವಿನಿಂದ, ಆರು ಇಂಗಾಲದ ಗ್ಲೂಕೋಸು ಮೂರು ಮೂರು ಇಂಗಾಲದ ಎರಡು ತುಂಡಾಗುತ್ತದೆ. ನಿವ್ವಳ ಲಾಭ ಎರಡೇ ಎಟಿಪಿ. ಆಮ್ಲಜನಕವಿದ್ದೊಡೆ ಆ ತುಂಡುಗಳು ಮೈಟೊಕಾಂಡ್ರಿಯವನ್ನು ಹೊಕ್ಕು, ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದ ಚಕ್ರದಲ್ಲಿ ಸಿಕ್ಕಿ, ಇಂಗಾಲದ ಡೈಆಕ್ಸೈಡಾಗಿ ಹೊರಬೀಳುತ್ತವೆ. ಅವುಗಳಿಂದ ಕಳಚಿಕೊಂಡ ಎಲೆಕ್ಟ್ರಾನುಗಳು ಒಳಪೊರೆಯ ಪ್ರೋಟೀನುಗಳನ್ನು ಒಂದಾದ ಮೇಲೊಂದರಂತೆ ಹಾಯ್ದು, ಕಟ್ಟಕಡೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಆಗ ದೊರೆಯುವ ಎಟಿಪಿ ಒಟ್ಟು ಸುಮಾರು 30. ಹುಟ್ಟಿದಂದಿನಿಂದ ನಾವು ಎಡೆಬಿಡದೆ ಉಸಿರೆಳೆಯುವುದು ಬಹುಮಟ್ಟಿಗೆ ಎಲೆಕ್ಟ್ರಾನುಗಳಿಗೆ ಈ ಕೊನೆಯ ನೆಲೆಯನ್ನು ಒದಗಿಸಲೆಂದೇ. ಸಯನೈಡ್ ವಿಷವು ಜೀವ ತೆಗೆಯುವುದೂ ಅಲ್ಲಿಯೇ ತಡೆಯೊಡ್ಡಿ.

ಹಾಗೆಂದು ಎರಡೇ ಎಟಿಪಿಯ ದಾರಿಯನ್ನು ಹೀನವೆಂದು ಬಗೆಯಬಾರದು. ನಾನೂರು ಮೀಟರಿನ ಓಟಗಾರನ ತೊಡೆಯನ್ನೇ ನೋಡಿ: ಸ್ನಾಯುವಿನಲ್ಲಿ ಸಿದ್ಧವಾಗಿದ್ದ ಎಟಿಪಿಯೂ ಕ್ರಿಯೇಟಿನ್ ಫಾಸ್ಫೇಟೂ ಕೆಲವೇ ಸೆಕೆಂಡುಗಳಲ್ಲಿ ಕರಗುತ್ತವೆ, ರಕ್ತವು ತಂದ ಆಮ್ಲಜನಕದಿಂದ ಅಷ್ಟು ವೇಗದ ಬೇಡಿಕೆಯನ್ನು ಪೂರೈಸಲಾಗದೆ ಇರುವಾಗ, ಸ್ನಾಯುವು ತನ್ನಲ್ಲಿ ಕೂಡಿಟ್ಟ ಗ್ಲೈಕೋಜನನ್ನು ಭರದಿಂದ ಒಡೆದು, ಉಳಿದುದನ್ನು ಲ್ಯಾಕ್ಟೇಟಾಗಿ ಮಾರ್ಪಡಿಸಿ, ಆ ಮಾರ್ಪಾಟಿನಿಂದಲೇ ಮೊದಲ ಘಟ್ಟಕ್ಕೆ ಬೇಕಾದ ಎನ್‌ಎಡಿ ಎಂಬ ವಾಹಕವನ್ನು ಮರಳಿ ಪಡೆದು ಓಟವನ್ನು ಮುಂದುವರಿಸುತ್ತದೆ. ನಮ್ಮ ಕೆಂಪು ರಕ್ತಕಣವಂತೂ ಮೈಟೊಕಾಂಡ್ರಿಯವನ್ನೇ ತೊರೆದಿದೆ: ಸುಮಾರು 120 ದಿನಗಳ ಆಯುಷ್ಯದುದ್ದಕ್ಕೂ ಒಡಲ ತುಂಬ ಆಮ್ಲಜನಕವನ್ನು ಹೊತ್ತು ಇತರರಿಗೆ ಹಂಚುವ ಅದು, ತನ್ನ ಜೀವನೋಪಾಯಕ್ಕೆ ಆಮ್ಲಜನಕವನ್ನು ಬಳಸುವುದೇ ಇಲ್ಲ. ಇದಕ್ಕಿಂತ ಸೋಜಿಗದ ಏರ್ಪಾಟನ್ನು ದೇಹದಲ್ಲಿ ನಾನು ಕಾಣೆ.

ಲ್ಯಾಕ್ಟೇಟೂ ಕಸವಲ್ಲ. ರಕ್ತದಲ್ಲಿ ಹರಿದು ಹೋದ ಅದನ್ನು ಹೃದಯವು ಇಂಧನವಾಗಿ ಉರಿಸುತ್ತದೆ, ಯಕೃತ್ತು ಮತ್ತೆ ಗ್ಲೂಕೋಸಾಗಿ ಕಟ್ಟಿ ಸ್ನಾಯುವಿಗೆ ಕಳುಹಿಸುತ್ತದೆ. ಈ ಆವರ್ತನವನ್ನು ಅರಿತ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಗಳ ಹೆಸರಿನಿಂದಲೇ ಇದು ಪ್ರಸಿದ್ಧವಾಗಿದೆ. ಓಡಿದ ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ಆಟದ ಬಯಲುಗಳಲ್ಲಿ ಇಂದಿಗೂ ಹೇಳುವುದುಂಟು. ಆ ಮಾತನ್ನು ಇನ್ನಾದರೂ ಬಿಡಬೇಕು: ಓಟ ಮುಗಿದ ಒಂದೆರಡು ತಾಸಿನೊಳಗೆ ಹೆಚ್ಚಿದ್ದ ಲ್ಯಾಕ್ಟೇಟು ಇಳಿದುಹೋಗಿರುತ್ತದೆ, ಮರುದಿನ ನೋಯುವುದು ಅಭ್ಯಾಸವಿಲ್ಲದ ಶ್ರಮದಿಂದ ಸೂಕ್ಷ್ಮವಾಗಿ ಗಾಯಗೊಂಡ ಸ್ನಾಯುತಂತುಗಳು.