ಹಳೆಯ ಇಟಾಲಿಯನ್ ಬೈಕು ದೂರದ ದಾರಿಗೆ ಆಗದೇ?

ಇಟಲಿಯ ಹಳೆಯ ಬೈಕುಗಳ ಬಗ್ಗೆ ಬೈಕ್ ಪ್ರಿಯರ ನಡುವೆ ಎರಡು ಮಾತು ಓಡಾಡುತ್ತವೆ. ನೋಡೋಕೆ ಚೆಂದ, ಓಡಿಸೋಕೆ ಮಜಾ ಅನ್ನುವುದು ಒಂದು. ಊರ ಗಡಿ ದಾಟಿದರೆ ಕೈಕೊಡುತ್ತೆ, ವಾಪಸ್ ಬರೋದು ಟೆಂಪೋ ಮೇಲೇ ಅನ್ನುವುದು ಇನ್ನೊಂದು. ಮೊದಲನೆಯದನ್ನು ರೇಸಿನ ಪೋಸ್ಟರುಗಳು ಹುಟ್ಟಿಸಿದವು, ಎರಡನೆಯದನ್ನು ಗ್ಯಾರೇಜಿನ ಹರಟೆ ಬೆಳೆಸಿತು. ಡುಕಾಟಿ, ಮೋಟೊ ಗುಟ್ಸಿ, ಮೋಟೊ ಮೊರಿನಿ, ಕಜೀವಾ ಬೈಕುಗಳು ಕಳೆದ ಶತಮಾನದಲ್ಲಿ ಎಲ್ಲೆಲ್ಲಿ ಓಡಿದವು, ಹೇಗೆ ಓಡಿದವು ಎಂದು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಹೆಚ್ಚು ಪ್ರಚಾರದಲ್ಲಿರುವ ಎಂಟು ತಪ್ಪು ಕಲ್ಪನೆಗಳು ಮತ್ತು ಅವುಗಳ ಎದುರಿನ ಸತ್ಯ ಇಲ್ಲಿವೆ.

ತಪ್ಪು ಕಲ್ಪನೆ 1: ಇಟಲಿಯವರು ಕಟ್ಟಿದ್ದೆಲ್ಲ ರೇಸಿಗೆ, ದೂರ ಪ್ರಯಾಣ ಅವರ ತಲೆಯಲ್ಲೇ ಇರಲಿಲ್ಲ

ಸತ್ಯ: ದೂರ ಪ್ರಯಾಣವನ್ನು ಮನಸ್ಸಿನಲ್ಲಿಟ್ಟುಕೊಂಡು ಬೈಕು ಕಟ್ಟಿದ ಮೊದಲಿಗರಲ್ಲಿ ಇಟಲಿಯವರಿದ್ದಾರೆ. ಮೋಟೊ ಗುಟ್ಸಿ 1921ರಲ್ಲಿ ಕೋಮೊ ಸರೋವರದ ದಂಡೆಯ ಮಂಡೆಲ್ಲೊ ದೆಲ್ ಲಾರಿಯೊ ಎಂಬ ಊರಿನಲ್ಲಿ ಶುರುವಾಯಿತು. ಆ ಕಾಲದ ಬಹುತೇಕ ಬೈಕುಗಳ ಹಿಂಚಕ್ರಕ್ಕೆ ಸಸ್ಪೆನ್ಷನ್ನೇ ಇರಲಿಲ್ಲ. ಗುಂಡಿಯ ಪ್ರತಿ ಹೊಡೆತವೂ ನೇರ ಸವಾರನ ಬೆನ್ನಿಗೆ. ಸ್ಥಾಪಕ ಕಾರ್ಲೊ ಗುಟ್ಸಿ ಮತ್ತು ಅವರ ಸಹೋದರ ಜುಸೆಪ್ಪೆ, ಎಂಜಿನ್ನಿನ ಕೆಳಗೆ ಸ್ಪ್ರಿಂಗುಗಳನ್ನು ಕೂರಿಸಿ ಹಿಂಚಕ್ರ ಮೇಲೆ ಕೆಳಗೆ ಆಡುವ ಚಾಸಿಸ್ ರೂಪಿಸಿದರು. ಚಾಸಿಸ್ ಆಡಿದರೆ ಬೈಕು ಹಿಡಿತಕ್ಕೆ ಸಿಗುವುದಿಲ್ಲ ಎಂದು ಆಗಿನ ಸವಾರರು ಮೂಗು ಮುರಿದರು. ಜುಸೆಪ್ಪೆ ವಾದಕ್ಕೆ ಇಳಿಯಲಿಲ್ಲ. 1928ರಲ್ಲಿ ಅದೇ 500 ಸಿಸಿ ಜಿಟಿ ಬೈಕು ಹತ್ತಿ ಮಂಡೆಲ್ಲೊದಿಂದ ನಾರ್ವೆಯ ಉತ್ತರ ಧ್ರುವವೃತ್ತದವರೆಗೆ ಹೋಗಿ ಬಂದರು. ಆ ಮಾಡೆಲ್ಲಿಗೆ ನಾರ್ಜೆ, ಅಂದರೆ ನಾರ್ವೆ, ಎಂಬ ಹೆಸರೇ ನಿಂತಿತು.

1967ರಲ್ಲಿ ಮಾರುಕಟ್ಟೆಗೆ ಬಂದ ಗುಟ್ಸಿ ವಿ7 ಕೂಡ ಇದೇ ಜಾಯಮಾನದ್ದು. 703 ಸಿಸಿ, 90 ಡಿಗ್ರಿ ಕೋನದ ವಿ-ಟ್ವಿನ್ ಎಂಜಿನ್. ಚೈನಿನ ಬದಲು ಶಾಫ್ಟ್ ಡ್ರೈವ್. ಚೈನ್ ಬಿಗಿ ಮಾಡುವ, ಎಣ್ಣೆ ಹಾಕುವ ತಾಪತ್ರಯ ಇಲ್ಲ. ಎರಡು ಸಿಲಿಂಡರುಗಳೂ ಗಾಳಿಗೆ ಮೈಯೊಡ್ಡಿ ಹೊರಕ್ಕೆ ಚಾಚಿರುವುದರಿಂದ ತಂಪೂ ಸಿಗುತ್ತದೆ, ಕೆಲಸ ಮಾಡುವಾಗ ಕೈಗೂ ಸಿಗುತ್ತವೆ. 1969ರಲ್ಲಿ ಮೊಂಜಾ ಟ್ರ್ಯಾಕಿನಲ್ಲಿ ಹಗುರಗೊಳಿಸಿದ ವಿ7ಗಳು ದೂರ ಓಟದ ಹಲವು ವಿಶ್ವದಾಖಲೆ ಮುರಿದವು. ಇಟಲಿಯ ಪೊಲೀಸರಷ್ಟೇ ಅಲ್ಲ, ಅಮೆರಿಕದ ಲಾಸ್ ಏಂಜಲೀಸ್ ಪೊಲೀಸರೂ ಗುಟ್ಸಿ ವಿ-ಟ್ವಿನ್ ಖರೀದಿಸಿದರು. ದಿನವಿಡೀ ಓಡಬೇಕಾದ ಗಾಡಿಯನ್ನು ಪೊಲೀಸ್ ಇಲಾಖೆ ಅಂದ ನೋಡಿ ಕೊಳ್ಳುವುದಿಲ್ಲ.

ತಪ್ಪು ಕಲ್ಪನೆ 2: ದೂರ ಹೋಗಬೇಕಾದರೆ ದೊಡ್ಡ ಎಂಜಿನ್ ಬೇಕೇ ಬೇಕು

ಸತ್ಯ: 1957ರ ಸೆಪ್ಟೆಂಬರ್ ಕೊನೆಯಲ್ಲಿ ಲಿಯೊಪೊಲ್ದೊ ತಾರ್ತರಿನಿ ಮತ್ತು ಜಾರ್ಜೊ ಮೊನೆಟ್ಟಿ ಎಂಬ ಇಬ್ಬರು ಬೊಲೊನ್ಯದಿಂದ ಹೊರಟರು. ಇಬ್ಬರ ಬಳಿಯೂ ಡುಕಾಟಿ 175. ಮುಂದಿನ ಸೆಪ್ಟೆಂಬರಿಗೆ ಸುಮಾರು 60,000 ಕಿಲೋಮೀಟರ್ ಓಡಿಸಿ, ಭೂಮಿಯನ್ನು ಸುತ್ತಿ ಅದೇ ಊರಿಗೆ ಮರಳಿದರು. ಇಂದು ನಾವು ಆಫೀಸಿಗೆ ಓಡಿಸುವ ಬೈಕಿನ ಎಂಜಿನ್ನಿಗಿಂತ ಅದು ತುಂಬ ದೊಡ್ಡದೇನಲ್ಲ. ಇದೇ ತಾರ್ತರಿನಿ ಮುಂದೆ ಇಟಾಲ್‌ಜೆಟ್ ಕಂಪನಿ ಕಟ್ಟಿದರು. ಆ ಕಂಪನಿಯ ಸ್ಕೂಟರ್ ವಿನ್ಯಾಸಗಳನ್ನು ಪುಣೆಯ ಕೈನೆಟಿಕ್ ಕೊಂಡುಕೊಂಡಿತು. ನಮ್ಮ ರಸ್ತೆಗಳಲ್ಲಿ ಕೆಲಕಾಲ ಕಂಡ ಕೈನೆಟಿಕ್ ಬ್ಲೇಝ್ ಅದರ ಫಲ.

1953ರಿಂದ 1957ರವರೆಗೆ ಇಟಲಿಯನ್ನೇ ಸುತ್ತುತ್ತಿದ್ದ ಮೋಟೊಜಿರೊ ರೇಸಿನಲ್ಲಿಯೂ 175 ಸಿಸಿ ಮೀರಿದ ಬೈಕುಗಳಿಗೆ ಜಾಗವಿರಲಿಲ್ಲ. 1957ರ ಮಿಲ್ಲೆ ಮಿಲ್ಯಾ ಕಾರ್ ರೇಸಿನ ಭೀಕರ ಅಪಘಾತದ ನಂತರ ಸರ್ಕಾರ ಸಾರ್ವಜನಿಕ ರಸ್ತೆಗಳ ರೇಸ್ ನಿಷೇಧಿಸಿದ್ದರಿಂದ ಅದು ನಿಂತಿತು. ಬೈಕುಗಳು ಸೋತು ನಿಂತದ್ದಲ್ಲ.

ತಪ್ಪು ಕಲ್ಪನೆ 3: ಗುಟ್ಸಿಯ ವಿ-ಟ್ವಿನ್ ಎಂಜಿನ್ ಸೇನೆಯ ಮೂರು ಚಕ್ರದ ಗಾಡಿಯಿಂದ ಕಿತ್ತು ತಂದದ್ದು

ಸತ್ಯ: 1960ರ ದಶಕದ ಆರಂಭದಲ್ಲಿ ಇಟಲಿಯ ಪರ್ವತ ಪಡೆಗಾಗಿ ಗುಟ್ಸಿ ಮೂರು ಚಕ್ರದ ಸಾಗಣೆ ಗಾಡಿ ತಯಾರಿಸಿದ್ದು ನಿಜ. ಅದರಲ್ಲೂ 90 ಡಿಗ್ರಿ ವಿ-ಟ್ವಿನ್ನೇ ಇತ್ತು. ಎರಡೂ ಎಂಜಿನ್ ಜೂಲಿಯೊ ಚೆಸಾರೆ ಕಾರ್ಕಾನೊ ಎಂಬ ಎಂಜಿನಿಯರ್ ಕೈಯಿಂದ ಬಂದವು. ಹೋಲಿಕೆ ಅಲ್ಲಿಗೆ ಮುಗಿಯಿತು, ಒಳಗಿನ ವಿನ್ಯಾಸ ಬೇರೆ ಬೇರೆ. ವಿ7 ಎಂಜಿನ್ನಿನ ಬೇರು ಇರುವುದು ಫಿಯಟ್ 500 ಕಾರಿಗೆ ಹೆಚ್ಚು ಶಕ್ತಿ ಕೊಡಲು ಕಾರ್ಕಾನೊ ಮಾಡಿದ್ದ ಪ್ರಯೋಗದಲ್ಲಿ.

ಇದರ ಜೊತೆಗೆ ಇನ್ನೊಂದು ಹೆದರಿಕೆಯೂ ಇದೆ: ಆಕ್ಸಿಲರೇಟರ್ ತಿರುಗಿಸಿದರೆ ಗುಟ್ಸಿ ಪಕ್ಕಕ್ಕೆ ವಾಲುತ್ತದೆ ಎಂದು. ನಿಂತಲ್ಲಿ ರೇಸ್ ಕೊಟ್ಟರೆ ವಾಲುವುದು ನಿಜ, ಕ್ರ್ಯಾಂಕು ಉದ್ದುದ್ದಕ್ಕೆ ತಿರುಗುವುದರ ಪರಿಣಾಮ ಅದು. ಬೈಕು ವೇಗ ಹಿಡಿದ ಮೇಲೆ ಅದು ಗಮನಕ್ಕೇ ಬರುವುದಿಲ್ಲ.

ತಪ್ಪು ಕಲ್ಪನೆ 4: ಇಟಾಲಿಯನ್ ಬೈಕಿನ ವೈರಿಂಗ್ ನಂಬಿ ಹೊರಟರೆ ಕೆಟ್ಟಂತೆ

ಸತ್ಯ: ಎಂಟರಲ್ಲಿ ಅತಿ ಹೆಚ್ಚು ಹುರುಳಿರುವ ದೂರು ಇದೇ. ಆದರೆ ಬೈಯುವುದು ತಪ್ಪು ಭಾಗವನ್ನು. 1970ರ ದಶಕದ ದೊಡ್ಡ ಗುಟ್ಸಿ, ಲವೆರ್ದಾ ಬೈಕುಗಳಲ್ಲಿ ಜರ್ಮನಿಯ ಬಾಷ್ ಕಂಪನಿಯ ಭಾಗಗಳು ಧಾರಾಳವಾಗಿದ್ದವು. ಕೈಕೊಡುವುದು ಹೆಚ್ಚಾಗಿ ಅವುಗಳ ನಡುವಿನ ಕೊಂಡಿ: ತುಕ್ಕು ಹಿಡಿದ ಅರ್ಥ್ ಪಾಯಿಂಟು, ಸಡಿಲವಾದ ಕನೆಕ್ಟರು, ಹಸಿರುಗಟ್ಟಿದ ಫ್ಯೂಸಿನ ತುದಿ, ಸವೆದ ಸ್ವಿಚ್ಚು.

ಒಂದು ಉದಾಹರಣೆ ನೋಡಿ. ಹಲವು ಗುಟ್ಸಿಗಳಲ್ಲಿ ಸ್ಟಾರ್ಟ್ ಬಟನ್ ಒತ್ತಿದರೆ ಒಮ್ಮೊಮ್ಮೆ ಟಕ್ ಎಂಬ ಸದ್ದೂ ಬರುವುದಿಲ್ಲ. ಸ್ಟಾರ್ಟರ್ ಮೋಟರ್ ಹೋಯಿತೆಂದು ಜನ ಮೋಟರನ್ನೇ ಬಿಚ್ಚುತ್ತಾರೆ. ಸ್ಟಾರ್ಟರಿನ ಸೊಲೆನಾಯ್ಡಿಗೆ ಹೋಗುವ ಕರೆಂಟು ಉದ್ದದ ವೈರು ಮತ್ತು ಹಳೆಯ ಇಗ್ನಿಷನ್ ಸ್ವಿಚ್ಚನ್ನು ಹಾದು ಬರುವಾಗ ದಾರಿಯಲ್ಲೇ ವೋಲ್ಟೇಜ್ ಇಳಿದಿರುತ್ತದೆ. ಬ್ಯಾಟರಿಯಿಂದ ನೇರವಾಗಿ ಒಂದು ರಿಲೇ ಹಾಕಿದರೆ ತಂಟೆ ಮುಗಿಯಿತು. ಅದು ನಮ್ಮ ಯಾವುದೇ ಆಟೋ ಎಲೆಕ್ಟ್ರಿಷಿಯನ್ ಮಾಡಬಲ್ಲ ಕೆಲಸ.

1950, 60ರ ದಶಕದ ಸಣ್ಣ ಬೈಕುಗಳ ಮಿತಿ ಬೇರೆ. ಅವುಗಳಲ್ಲಿ ಹೆಚ್ಚಿನವು 6 ವೋಲ್ಟಿನವು, ಹೆಡ್‌ಲೈಟ್ ಬೆಳಕು ಮಂದ. ಅದು ದೋಷವಲ್ಲ, ಆ ಕಾಲದ ಅಳತೆ. ಅಂಥ ಬೈಕಿನಲ್ಲಿ ಹಗಲು ಮಾತ್ರ ಪ್ರಯಾಣ ಇಟ್ಟುಕೊಳ್ಳುವುದು ಜಾಣತನ.

ತಪ್ಪು ಕಲ್ಪನೆ 5: ಡೆಸ್ಮೊ ವಾಲ್ವ್ ಡುಕಾಟಿಯ ಆವಿಷ್ಕಾರ, ಎಲ್ಲ ಡುಕಾಟಿಗಳಲ್ಲೂ ಇದೆ, ವಾರಕ್ಕೊಮ್ಮೆ ಬಿಚ್ಚಬೇಕು

ಸತ್ಯ: ಒಂದೇ ಉಸಿರಿನಲ್ಲಿ ಮೂರು ತಪ್ಪು. ಸಾಮಾನ್ಯ ಎಂಜಿನ್ನಿನಲ್ಲಿ ವಾಲ್ವನ್ನು ಕ್ಯಾಮ್ ತೆರೆಯುತ್ತದೆ, ಸ್ಪ್ರಿಂಗ್ ಮುಚ್ಚುತ್ತದೆ. ಡೆಸ್ಮೊದಲ್ಲಿ ಮುಚ್ಚುವುದಕ್ಕೂ ಪ್ರತ್ಯೇಕ ಕ್ಯಾಮ್ ಮತ್ತು ರಾಕರ್ ಇರುತ್ತವೆ. ಡುಕಾಟಿಯ ಎಂಜಿನಿಯರ್ ಫಾಬಿಯೊ ತಾಲ್ಯೋನಿ 125 ಸಿಸಿ ರೇಸ್ ಬೈಕಿಗೆ ಇದನ್ನು ಅಳವಡಿಸಿದರು, 1956ರಲ್ಲಿ ಆ ಬೈಕು ಸ್ವೀಡನ್ ಗ್ರ್ಯಾನ್ ಪ್ರಿ ಗೆದ್ದಿತು. ಅದಕ್ಕೆ ಎರಡು ವರ್ಷ ಮೊದಲೇ ಮರ್ಸಿಡಿಸ್ ಕಂಪನಿಯ ಡಬ್ಲ್ಯೂ196 ರೇಸ್ ಕಾರಿನಲ್ಲಿ ಇದೇ ತಂತ್ರವಿತ್ತು. ಡುಕಾಟಿಯ ಹೆಗ್ಗಳಿಕೆ ಬೇರೆ: ಅದನ್ನು ಜನಸಾಮಾನ್ಯರು ಕೊಳ್ಳುವ ಬೈಕಿಗೆ ತಂದು, ಪಟ್ಟು ಹಿಡಿದು ಉಳಿಸಿಕೊಂಡದ್ದು.

ದೂರ ಪ್ರಯಾಣದವರು ಇಂದಿಗೂ ಹುಡುಕುವ 1971ರ ಡುಕಾಟಿ 750 ಜಿಟಿಯಲ್ಲಿ ಇರುವುದು ಸಾಮಾನ್ಯ ವಾಲ್ವ್ ಸ್ಪ್ರಿಂಗುಗಳೇ. ಇನ್ನು ಡೆಸ್ಮೊ ಹೊಂದಿಸುವುದಕ್ಕೆ ಹೊತ್ತು ಹಿಡಿಯುತ್ತದೆ, ಕೈ ಪಳಗಿರಬೇಕು. ಹಾಗೆಂದು ಪದೇ ಪದೇ ಮಾಡುವ ಕೆಲಸವಲ್ಲ. ಒಮ್ಮೆ ಸರಿಯಾಗಿ ಕೂತರೆ ಸಾವಿರಾರು ಕಿಲೋಮೀಟರ್ ಹಾಗೇ ಇರುತ್ತದೆ.

ನಿಜವಾಗಿ ಹೆದರಬೇಕಾದದ್ದು ಬೆಲ್ಟಿಗೆ. ಮೊರಿನಿಯ 344 ಸಿಸಿ ವಿ-ಟ್ವಿನ್ ಮತ್ತು ಡುಕಾಟಿ ಪಾಂತಾ ಎಂಜಿನ್ನುಗಳಲ್ಲಿ ಕ್ಯಾಮ್ ತಿರುಗಿಸುವುದು ಹಲ್ಲಿನ ರಬ್ಬರ್ ಬೆಲ್ಟು. ಗ್ಯಾರೇಜಿನಲ್ಲಿ ನಿಂತೇ ಇದ್ದರೂ ಬೆಲ್ಟಿಗೆ ವಯಸ್ಸಾಗುತ್ತದೆ. ಪಾಂತಾದಲ್ಲಿ ಅದು ಹರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಮೀಟರ್ ಕಡಿಮೆ ಓಡಿದೆ ಎಂದು ಬೆಲ್ಟು ಬದಲಿಸದೆ ಹೊರಡುವುದೇ ದೊಡ್ಡ ಅಪಾಯ.

ತಪ್ಪು ಕಲ್ಪನೆ 6: ಸೀಸವಿಲ್ಲದ ಪೆಟ್ರೋಲ್ ಹಾಕಿದರೆ ಹಳೆಯ ಎಂಜಿನ್ ಹಾಳು

ಸತ್ಯ: ಸೀಸ ತೆಗೆದಾಗ ತೊಂದರೆ ಆಗಿದ್ದು ಮುಖ್ಯವಾಗಿ ವಾಲ್ವ್ ಸೀಟನ್ನು ಎರಕದ ಕಬ್ಬಿಣದ ಹೆಡ್ಡಿನಲ್ಲೇ ಕೊರೆದಿದ್ದ ಎಂಜಿನ್ನುಗಳಿಗೆ. ಡುಕಾಟಿ, ಗುಟ್ಸಿಗಳ ಹೆಡ್ ಅಲ್ಯೂಮಿನಿಯಂದು. ಗಟ್ಟಿ ಲೋಹದ ಸೀಟುಗಳನ್ನು ಅದರಲ್ಲಿ ಪ್ರತ್ಯೇಕವಾಗಿ ಕೂರಿಸಿರುತ್ತಾರೆ. ಹಾಗಾಗಿ ಚಿಂತೆ ಕಡಿಮೆ.

ಎಚ್ಚರ ಬೇಕಿರುವುದು ಎಥನಾಲ್ ಬಗ್ಗೆ. 1970ರ ದಶಕದ ಕೆಲವು ಡುಕಾಟಿ ಸ್ಪೋರ್ಟ್ಸ್ ಮಾಡೆಲ್ಲುಗಳ ಟ್ಯಾಂಕು ಫೈಬರಿನದು. ಎಥನಾಲಿನಿಂದ ಅದು ಮೆತ್ತಗಾಗಿ ಉಬ್ಬುತ್ತದೆ. ಹಳೆಯ ರಬ್ಬರ್ ಪೈಪು, ಕಾರ್ಬೊರೇಟರಿನ ವಾಷರುಗಳೂ ತಾಳುವುದಿಲ್ಲ. ಎಥನಾಲ್ ತೇವಾಂಶ ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಬೈಕಿನ ಕಬ್ಬಿಣದ ಟ್ಯಾಂಕಿಗೆ ತುಕ್ಕು ಹತ್ತುತ್ತದೆ. ಇ20 ಪೆಟ್ರೋಲ್ ಬಂದಿರುವ ನಮ್ಮಲ್ಲಿ ಯಾವುದೇ ಹಳೆಯ ಬೈಕ್ ಇಟ್ಟುಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ.

ಗುಟ್ಸಿ ಕೊಳ್ಳುವವರು ಇನ್ನೊಂದನ್ನು ವಿಚಾರಿಸಬೇಕು. ಆರಂಭದ ವಿ7 ಮತ್ತು ನಂತರದ ಹಲವು ಮಾಡೆಲ್ಲುಗಳ ಸಿಲಿಂಡರಿನ ಒಳಗೋಡೆಗೆ ಕ್ರೋಮ್ ಲೇಪನವಿತ್ತು. ಅದು ಎದ್ದು ಬಂದರೆ ಚೂರುಗಳು ಎಂಜಿನ್ ಆಯಿಲ್ ಸೇರಿ ಎಂಜಿನ್ನನ್ನೇ ತಿನ್ನುತ್ತವೆ.

ತಪ್ಪು ಕಲ್ಪನೆ 7: ಮಣ್ಣು, ಕಲ್ಲಿನ ದಾರಿ ಇಟಾಲಿಯನ್ ಬೈಕಿನ ಕೆಲಸವಲ್ಲ

ಸತ್ಯ: ಇಟಲಿಯಲ್ಲಿ ರೆಗೊಲರಿತಾ ಎಂಬ ಸ್ಪರ್ಧೆಗೆ ದೊಡ್ಡ ಪರಂಪರೆಯೇ ಇದೆ. ಕಾಡು, ಬೆಟ್ಟ, ಹಳ್ಳಗಳ ದಾರಿಯಲ್ಲಿ ಗೊತ್ತುಪಡಿಸಿದ ಹೊತ್ತಿಗೆ ಸರಿಯಾಗಿ ಒಂದೊಂದು ಠಾಣೆ ತಲುಪಬೇಕು. ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು. ಗುಟ್ಸಿ ತನ್ನ ಲೊಡೊಲಾ ಬೈಕನ್ನು ಇದಕ್ಕೆಂದೇ ಹಗುರಗೊಳಿಸಿತು. ಫ್ಯಾಂಟಿಕ್, ಎಸ್‌ಡಬ್ಲ್ಯೂಎಂ ಕಂಪನಿಗಳು ಹೆಸರು ಮಾಡಿದ್ದೇ ಇಂಥ ದಾರಿಗಳಲ್ಲಿ. 1981ರಲ್ಲಿ ಎಸ್‌ಡಬ್ಲ್ಯೂಎಂ ಏರಿದ ಫ್ರಾನ್ಸಿನ ಜೀಲ್ ಬುರ್ಗಾ ಟ್ರಯಲ್ಸ್ ವಿಶ್ವ ಚಾಂಪಿಯನ್ ಆದರು. ಬೈಕ್ ಲೋಕದ ಒಲಿಂಪಿಕ್ಸ್ ಎನ್ನಿಸಿಕೊಂಡ ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಇಟಲಿ ತಂಡ 1979, 1980, 1981ರಲ್ಲಿ ಸತತವಾಗಿ ಗೆದ್ದಿತು.

ಇದರ ಇನ್ನೊಂದು ತುದಿಯಲ್ಲಿ ಹೊಗಳಿಕೆಯ ತಪ್ಪೂ ಇದೆ. ಕಜೀವಾ ಎಲೆಫಂತ್ ಬೈಕಿನಲ್ಲಿ ಎದಿ ಒರಿಯೋಲಿ 1990 ಮತ್ತು 1994ರ ಡಕಾರ್ ರ್‍ಯಾಲಿ ಗೆದ್ದರು, ಹಾಗಾಗಿ ಅಂಗಡಿಯಲ್ಲಿ ಕೊಂಡ ಎಲೆಫಂತ್ ಎಲ್ಲಿಗಾದರೂ ನುಗ್ಗುತ್ತದೆ ಎಂಬ ನಂಬಿಕೆ. ಮರುಭೂಮಿ ಗೆದ್ದದ್ದು ಕಾರ್ಖಾನೆಯ ತಂಡ ಪ್ರತ್ಯೇಕವಾಗಿ ಕಟ್ಟಿದ ಬೈಕು, ಹಿಂದೆ ಮೆಕ್ಯಾನಿಕ್‌ಗಳ ದಂಡು. ಮಾರಾಟಕ್ಕೆ ಬಂದದ್ದು ಭಾರದ ಟೂರಿಂಗ್ ಬೈಕು. ಜಲ್ಲಿ ರಸ್ತೆಯಲ್ಲಿ ಆರಾಮಾಗಿ ಹೋಗುತ್ತದೆ, ಕೆಸರಿನಲ್ಲಿ ಬಿದ್ದರೆ ಒಬ್ಬರೇ ಎತ್ತುವುದು ಕಷ್ಟ. 230 ಕೆಜಿ ದಾಟುವ ವಿ7ನ ಮಾತಂತೂ ಹೇಳಬೇಕಿಲ್ಲ.

ತಪ್ಪು ಕಲ್ಪನೆ 8: ಆಲ್ಪ್ಸ್ ಪರ್ವತದ ಮಣ್ಣಿನ ರಸ್ತೆಗಳಿಗೆ ಯಾರು ಯಾವಾಗ ಬೇಕಾದರೂ ಬೈಕ್ ಇಳಿಸಬಹುದು

ಸತ್ಯ: ಇಟಲಿಯ ಪಶ್ಚಿಮ ಆಲ್ಪ್ಸ್‌ನಲ್ಲಿರುವ ಇಂಥ ರಸ್ತೆಗಳಲ್ಲಿ ಹಲವು ಸೇನೆಗೆಂದು ಕಡಿದವು. ಸೆಸ್ಟ್ರಿಯೆರೆ ಕಡೆಗೆ ಸಾಗುವ ಅಸ್ಸಿಯೆತ್ತಾ ರಸ್ತೆ 30 ಕಿಲೋಮೀಟರಿಗೂ ಉದ್ದ, ಬಹುಪಾಲು 2,000 ಮೀಟರಿಗಿಂತ ಎತ್ತರ. ಜುಲೈ, ಆಗಸ್ಟ್‌ನಲ್ಲಿ ವಾರದ ಗೊತ್ತಾದ ದಿನಗಳಂದು ಹಗಲು ಹೊತ್ತು ಅಲ್ಲಿ ಮೋಟಾರು ವಾಹನ ಬಿಡುವುದಿಲ್ಲ. ಲಿಮೊನೆ ಪಿಯೆಮೊಂತೆಯಿಂದ ಮೊನೇಸಿಗೆ ಹೋಗುವ ಉಪ್ಪಿನ ದಾರಿಗೆ ಸುಂಕವಿದೆ, ದಿನಕ್ಕೆ ಇಂತಿಷ್ಟೇ ವಾಹನ ಎಂಬ ಮಿತಿಯೂ ಇದೆ. ಹಿಮ ಬಿದ್ದ ತಿಂಗಳುಗಳಲ್ಲಿ ಎಲ್ಲವೂ ಬಂದ್. ರಸ್ತೆ ಬಿಟ್ಟು ಹುಲ್ಲುಗಾವಲಿಗೆ, ಕಾಲ್ದಾರಿಗೆ ಇಳಿದರೆ ದಂಡ ಖಚಿತ.

ಡಾಂಬರಿನ ದಾರಿಗೂ ಲೆಕ್ಕವಿದೆ. 2,757 ಮೀಟರ್ ಎತ್ತರದ ಸ್ತೆಲ್ವಿಯೊ ಘಾಟಿಯ ಒಂದು ಬದಿಯಲ್ಲೇ 48 ಹೇರ್‌ಪಿನ್ ತಿರುವುಗಳಿವೆ. ಡ್ರಮ್ ಬ್ರೇಕಿನ ಹಳೆಯ ಬೈಕಿನಲ್ಲಿ ಇಳಿಯುವಾಗ ಬ್ರೇಕನ್ನೇ ಒತ್ತಿ ಹಿಡಿದರೆ ಕಾದು ಹಿಡಿತ ಬಿಡುತ್ತದೆ. ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ವೇಗ ಇಳಿಸಬೇಕು. 1970ರ ದಶಕದ ಮಧ್ಯದವರೆಗಿನ ಬಹುತೇಕ ಇಟಾಲಿಯನ್ ಬೈಕುಗಳ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹೊಸಬರು ಗಾಬರಿಯಲ್ಲಿ ತಪ್ಪು ಕಾಲು ಒತ್ತುವುದು ಇಲ್ಲೇ. ಹಳೆಯ ಬುಲೆಟ್ ಓಡಿಸಿ ಬೆಳೆದ ನಮ್ಮ ಸವಾರರಿಗೆ ಮಾತ್ರ ಇದು ನೀರು ಕುಡಿದಷ್ಟು ಸುಲಭ.

ಹಾಗಾದರೆ ತೀರ್ಪೇನು? ಯಾವ ದೇಶದ ಬೈಕು ಎಂಬುದರಿಂದ ದಾರಿ ಸಾಗುವುದಿಲ್ಲ. ಆ ಮಾಡೆಲ್ಲನ್ನು ಯಾವ ಕೆಲಸಕ್ಕೆ ಕಟ್ಟಿದ್ದರು, ಈಗ ಯಾವ ಸ್ಥಿತಿಯಲ್ಲಿದೆ ಎಂಬ ಎರಡು ಪ್ರಶ್ನೆ ಕೇಳಿ. ದೂರಕ್ಕೆ ಗುಟ್ಸಿ ವಿ-ಟ್ವಿನ್ ಅಥವಾ 750 ಜಿಟಿ, ಕಾಡುದಾರಿಗೆ ಹಗುರದ ಫ್ಯಾಂಟಿಕ್ ಅಥವಾ ಎಸ್‌ಡಬ್ಲ್ಯೂಎಂ ಎಂದು ಕೆಲಸಕ್ಕೆ ತಕ್ಕ ಬೈಕು ಆರಿಸಿಕೊಳ್ಳಿ. ಇಟಲಿಗೆ ಹೋಗಿ ಬಾಡಿಗೆಗೆ ಓಡಿಸುವ ಆಸೆಯಿದ್ದರೆ ಹೊರಡುವ ಮೊದಲೇ ನಮ್ಮ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಿರಿ. ಬೈಕು ಕೈಗೆ ಬಂದ ದಿನ ಅರ್ಥ್ ಪಾಯಿಂಟು, ಬೆಲ್ಟು, ಪೆಟ್ರೋಲ್ ಪೈಪು, ಬ್ರೇಕು ಈ ನಾಲ್ಕನ್ನು ನೀವೇ ಕಣ್ಣಾರೆ ನೋಡಿ. ನೋಡದೆ ಹೊರಟು ನಡುದಾರಿಯಲ್ಲಿ ನಿಂತವರು ಇಟಲಿಯನ್ನು ದೂರುವುದರಲ್ಲಿ ಅರ್ಥವಿಲ್ಲ.